ಕತ್ತರಿಸಿದ ತುದಿಯನ್ನು ಗುರುತಿಸುವ ಪ್ರತಿಕಾಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಜೀವಕೋಶದ ಸಾವಿಗೆ ಸಂಬಂಧಿಸಿದ ಕ್ಯಾಸ್ಪೇಸ್-3 ಎಂಬ ಪ್ರೋಟೀನನ್ನು ಪತ್ತೆ ಮಾಡುವ ಪ್ರತಿಕಾಯದ (ಗೊತ್ತಾದ ಗುರಿಗೆ ಅಂಟಿ ಅದನ್ನು ಗುರುತಿಸುವ ಆಂಟಿಬಾಡಿ) ಕುರಿತು ಹಲವು ಪತ್ರಗಳು ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಕಾಲೇಜಿಗೆ ಬಂದಿದ್ದ ಉಪನ್ಯಾಸಕರೊಬ್ಬರು ತಮ್ಮ ಪ್ರಯೋಗದಲ್ಲಿ ‘ಕ್ಲೀವ್ಡ್ ಕ್ಯಾಸ್ಪೇಸ್-3’ ಪ್ರತಿಕಾಯವನ್ನು ಬಳಸಿದ್ದಾಗಿ ಹೇಳಿದರು. ಕ್ಯಾಸ್ಪೇಸ್-3 ಮತ್ತು ಕ್ಲೀವ್ಡ್ ಕ್ಯಾಸ್ಪೇಸ್-3 ಎರಡೂ ಬೇರೆ ಬೇರೆ ಪ್ರೋಟೀನುಗಳೇ? ಒಂದೇ ಆಗಿದ್ದರೆ ಅದಕ್ಕೆ ಎರಡು ಬಗೆಯ ಪ್ರತಿಕಾಯ ಏಕೆ ಬೇಕು? (ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿನಿ, ಹಾಸನ)

ಉತ್ತರ: ಎರಡೂ ಒಂದೇ ಪ್ರೋಟೀನಿನ ಎರಡು ಸ್ಥಿತಿಗಳು; ‘ಕ್ಲೀವ್ಡ್’ ಎಂದರೆ ತುಂಡಾದದ್ದು. ನಮ್ಮ ದೇಹದ ಬಹುತೇಕ ಜೀವಕೋಶಗಳಲ್ಲಿ ಕ್ಯಾಸ್ಪೇಸ್-3 ನಿಷ್ಕ್ರಿಯ ರೂಪದಲ್ಲಿ ಸದಾ ಇದ್ದೇ ಇರುತ್ತದೆ. ಈ ರೂಪವು 277 ಅಮೈನೋ ಆಮ್ಲಗಳ ಒಂದೇ ಸರಪಳಿಯಾಗಿದ್ದು, ಅದರ ತೂಕ ಸುಮಾರು 32 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಮಾನ; ಜೆಲ್‌ನಲ್ಲಿ ಇದು 35ರ ಹತ್ತಿರ ಕಾಣಿಸುತ್ತದೆ). ಕೋಶವು ಸಾಯಬೇಕೆಂಬ ಸಂಕೇತ ಬಂದಾಗ, ಕ್ಯಾಸ್ಪೇಸ್-8 ಅಥವಾ ಕ್ಯಾಸ್ಪೇಸ್-9 ಎಂಬ ಇನ್ನೊಂದು ಕಿಣ್ವವು ಈ ಸರಪಳಿಯನ್ನು 175ನೆಯ ಸ್ಥಾನದಲ್ಲಿರುವ ಆಸ್ಪಾರ್ಟಿಕ್ ಆಮ್ಲದ ಬಳಿಕ ಕತ್ತರಿಸುತ್ತದೆ. ಅನಂತರ ಮುಂಭಾಗದ ಸಣ್ಣ ತುಣುಕೊಂದು ಕಳಚಿಹೋಗಿ 17 ಕಿಲೋಡಾಲ್ಟನ್ ಮತ್ತು 12 ಕಿಲೋಡಾಲ್ಟನ್ ತೂಕದ ಎರಡು ಭಾಗಗಳು ಉಳಿಯುತ್ತವೆ. ಅಂಥ ಎರಡೆರಡು ಭಾಗಗಳು ಕೂಡಿಕೊಂಡಿರುವ ನಾಲ್ಕು ತುಂಡುಗಳ ಜೋಡಣೆಯೇ ಕೆಲಸ ಮಾಡುವ ಕಿಣ್ವ. ಅದು ಕೋಶದೊಳಗಿನ ನೂರಾರು ಪ್ರೋಟೀನುಗಳನ್ನು ಗೊತ್ತಾದ ಜಾಗಗಳಲ್ಲಿ ಕತ್ತರಿಸುತ್ತದೆ. ಡಿಎನ್ಎ ದುರಸ್ತಿಗೆ ನೆರವಾಗುವ ಪಾರ್ಪ್ ಎಂಬ 116 ಕಿಲೋಡಾಲ್ಟನ್ ಪ್ರೋಟೀನು 89 ಮತ್ತು 24 ಕಿಲೋಡಾಲ್ಟನ್ ತುಂಡುಗಳಾಗುವುದು ಹೀಗೆ. ಡಿಎನ್ಎಯನ್ನು ಕತ್ತರಿಸುವ ಕಿಣ್ವವನ್ನು ಹಿಡಿದಿಟ್ಟಿರುವ ತಡೆಪ್ರೋಟೀನನ್ನೂ ಅದು ತುಂಡರಿಸುವುದರಿಂದ, ಆ ಕಿಣ್ವವು ಬಿಡುಗಡೆಯಾಗಿ ಕೋಶಕೇಂದ್ರದ ಡಿಎನ್ಎ ಚೂರುಚೂರಾಗುತ್ತದೆ.

ಈಗ ಪ್ರತಿಕಾಯದ ವಿಷಯಕ್ಕೆ ಬರೋಣ. ‘ಟೋಟಲ್’ ಎಂದು ಕರೆಯುವ ಪ್ರತಿಕಾಯವು ತುಂಡಾಗದ ಸರಪಳಿಯನ್ನೂ ಗುರುತಿಸುತ್ತದೆ. ಅದು ಯಾವ ಭಾಗದ ವಿರುದ್ಧ ತಯಾರಾಗಿದೆ ಎಂಬುದನ್ನು ಅವಲಂಬಿಸಿ, ತುಂಡುಗಳನ್ನೂ ಗುರುತಿಸಬಹುದು. ‘ಕ್ಲೀವ್ಡ್’ ಎಂಬ ಪ್ರತಿಕಾಯವಾದರೋ 175ನೆಯ ಸ್ಥಾನದಲ್ಲಿ ಕತ್ತರಿಸಿದ ಮೇಲೆ ತೆರೆದುಕೊಳ್ಳುವ ತುದಿಯನ್ನು ಮಾತ್ರ ಹಿಡಿಯುತ್ತದೆ. ಇಡೀ ಕಬ್ಬಿನ ಜಲ್ಲೆಯನ್ನು ಹೊರಗಿನಿಂದ ಎಷ್ಟು ನೋಡಿದರೂ ಕಾಣದ ತಿರುಳು ಕೊಯ್ದ ಮುಖದಲ್ಲಿ ಕಾಣಿಸಿಕೊಳ್ಳುವಂತೆ, ಈ ತುದಿಯ ಆಕಾರವು ಸರಪಳಿ ಇಡಿಯಾಗಿದ್ದಾಗ ಎಲ್ಲಿಯೂ ಇರುವುದಿಲ್ಲ. ಇಂಥ ಪ್ರತಿಕಾಯವನ್ನು ತಯಾರಿಸುವಾಗ, ಆ ತುದಿಯ ಕೆಲವೇ ಅಮೈನೋ ಆಮ್ಲಗಳಿರುವ ಪೆಪ್ಟೈಡನ್ನು ಕೃತಕವಾಗಿ ಕಟ್ಟಿ, ಅದನ್ನು ದೊಡ್ಡದೊಂದು ಪ್ರೋಟೀನಿಗೆ ಅಂಟಿಸಿ, ಸಾಮಾನ್ಯವಾಗಿ ಮೊಲಕ್ಕೆ ಚುಚ್ಚುಮದ್ದಾಗಿ ಕೊಡುತ್ತಾರೆ. ಮೊಲದ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಲ್ಲಿ ತುಂಡಾಗದ ಸರಪಳಿಗೂ ಅಂಟುವಂಥವನ್ನು ಸೋಸಿ ತೆಗೆದು, ಕತ್ತರಿಸಿದ ತುದಿಗೆ ಮಾತ್ರ ಅಂಟುವಂಥವನ್ನು ಉಳಿಸಿಕೊಳ್ಳುತ್ತಾರೆ. ಈ ಸೋಸುವ ಹಂತ ಎಷ್ಟು ಚೆನ್ನಾಗಿ ನಡೆದಿದೆ ಎಂಬುದರ ಮೇಲೆ ಇಡೀ ಪ್ರತಿಕಾಯದ ಬೆಲೆ ನಿಂತಿದೆ.

ಈ ಕಿಣ್ವ ನಮಗೆ ತಿಳಿದುಬಂದ ಬಗೆಯನ್ನೂ ಸ್ವಲ್ಪ ಹೇಳಬೇಕು. ಕೋಶವು ಕ್ರಮಬದ್ಧವಾಗಿ ಕುಗ್ಗಿ ಸಾಯುವ ಬಗೆಗೆ ಅಪೊಪ್ಟೋಸಿಸ್ ಎಂಬ ಹೆಸರನ್ನು 1972ರಲ್ಲಿ ಕೊಟ್ಟವರು ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕರಿ. ಅದರ ಹಿಂದಿನ ಜೀನುಗಳು ಸಿಕ್ಕಿದ್ದು ಒಂದು ಮಿಲಿಮೀಟರಿನಷ್ಟು ಉದ್ದದ ದುಂಡುಹುಳುವಿನಲ್ಲಿ. ಆ ಹುಳು ಬೆಳೆಯುವಾಗ ಹುಟ್ಟುವ 1090 ದೇಹಕೋಶಗಳಲ್ಲಿ ಗೊತ್ತಾದ 131 ಕೋಶಗಳು ಸಾಯುತ್ತವೆ. ಆ ಸಾವಿಗೆ ಸಿಇಡಿ-3 ಎಂಬ ಜೀನು ಬೇಕೇ ಬೇಕೆಂದು ರಾಬರ್ಟ್ ಹಾರ್ವಿಟ್ಜ್ ಅವರ ತಂಡ ತೋರಿಸಿತು. ಸಿಡ್ನಿ ಬ್ರೆನ್ನರ್ ಮತ್ತು ಜಾನ್ ಸಲ್ಸ್ಟನ್ ಅವರೊಂದಿಗೆ ಹಾರ್ವಿಟ್ಜ್ ಅವರಿಗೆ 2002ರ ನೊಬೆಲ್ ಪ್ರಶಸ್ತಿ ಬಂತು. ಆ ಜೀನಿಗೆ ಹೋಲುವ ಮನುಷ್ಯರ ಪ್ರೋಟೀನನ್ನು ಬೇರೆ ಬೇರೆ ಪ್ರಯೋಗಾಲಯಗಳು 1994 ಮತ್ತು 1995ರಲ್ಲಿ ಕಂಡುಕೊಂಡು ಸಿಪಿಪಿ32, ಅಪೊಪೇನ್, ಯಮ ಎಂಬ ಮೂರು ಹೆಸರುಗಳನ್ನು ಇಟ್ಟಿದ್ದವು. ಯಮ ಎಂಬ ಹೆಸರನ್ನಿಟ್ಟವರು ಆಗ ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದ, ಭಾರತೀಯ ಮೂಲದ ವಿಶ್ವ ದೀಕ್ಷಿತ್ ಅವರ ತಂಡದವರು. 1996ರಲ್ಲಿ ಈ ಕುಟುಂಬದ ಕಿಣ್ವಗಳಿಗೆಲ್ಲ ಕ್ಯಾಸ್ಪೇಸ್ ಎಂಬ ಸಮಾನ ಹೆಸರು ನಿಗದಿಯಾಯಿತು.

ನಿಮ್ಮ ಪ್ರಶ್ನೆ ಸರಳವಾಗಿ ಕಂಡರೂ, ಮುಂದಿನ ಉತ್ತರಗಳೆಲ್ಲ ನಿಂತಿರುವುದು ಅದರ ಮೇಲೆಯೇ. ಈ ಪ್ರತಿಕಾಯವು ನೇರವಾಗಿ ಹೇಳುವುದು ಒಂದೇ ಸಂಗತಿಯನ್ನು: ಇಲ್ಲಿ 175ನೆಯ ಸ್ಥಾನದಲ್ಲಿ ಕ್ಯಾಸ್ಪೇಸ್-3 ತುಂಡಾಗಿದೆ. ಕೋಶ ಸತ್ತಿದೆ ಎಂದು ಅದು ಹೇಳುವುದಿಲ್ಲ. ಅದನ್ನು ನಾವು ಬೇರೆ ಸಾಕ್ಷ್ಯಗಳಿಂದ ಸಿದ್ಧಪಡಿಸಬೇಕು.

ಪ್ರಶ್ನೆ: ಔಷಧೀಯ ಸಸ್ಯವೊಂದರ ಎಲೆಯ ಸಾರವನ್ನು ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳಿಗೆ ಕೊಟ್ಟು, ಎಂಟಿಟಿ ಪರೀಕ್ಷೆಯಲ್ಲಿ ಅವು ಗಣನೀಯವಾಗಿ ಕಡಿಮೆಯಾಗುವುದನ್ನು ಕಂಡಿದ್ದೇನೆ. ಆದರೆ ಕ್ಲೀವ್ಡ್ ಕ್ಯಾಸ್ಪೇಸ್-3 ಪ್ರತಿಕಾಯದಿಂದ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನಿಗೆ ವರ್ಗಾಯಿಸಿ, ಪ್ರತಿಕಾಯದಿಂದ ಗುರುತಿಸುವ ವಿಧಾನ) ಮಾಡಿದಾಗ 17 ಕಿಲೋಡಾಲ್ಟನ್ ತುಂಡಿನ ಬ್ಯಾಂಡ್ ಒಮ್ಮೆಯೂ ಬಂದಿಲ್ಲ. ಟೋಟಲ್ ಪ್ರತಿಕಾಯದಲ್ಲಿ 35ರ ಹತ್ತಿರ ತೆಳುವಾದ ಬ್ಯಾಂಡ್ ಬರುತ್ತದೆ. ಪ್ರತಿಕಾಯವೇ ಕೆಟ್ಟಿದೆಯೆಂದು ಭಾವಿಸಿ ಹೊಸದನ್ನು ತರಿಸಿದರೂ ಫಲ ಅದೇ ಆಗಿದೆ. ಏನು ಮಾಡಲಿ? (ಸಂಶೋಧನಾ ವಿದ್ಯಾರ್ಥಿ, ಧಾರವಾಡ)

ಉತ್ತರ: ನಿಮ್ಮ ಪ್ರತಿಕಾಯ ಬಹುಶಃ ಸರಿಯಾಗಿಯೇ ಇದೆ. ಎಂಸಿಎಫ್-7 ಕೋಶಗಳಲ್ಲಿ ಕ್ಯಾಸ್ಪೇಸ್-3 ಪ್ರೋಟೀನೇ ಇಲ್ಲ. ಆ ಕೋಶಗಳ ಕ್ಯಾಸ್ಪೇಸ್-3 ಜೀನಿನ ಮೂರನೆಯ ಎಕ್ಸಾನಿನಲ್ಲಿ (ಪ್ರೋಟೀನಿನ ಸಂಕೇತವಿರುವ ತುಣುಕಿನಲ್ಲಿ) 47 ಬೇಸ್ ಜೋಡಿಗಳು ಬಿಟ್ಟುಹೋಗಿದ್ದು, ಅದರಿಂದಾಗಿ ಪ್ರೋಟೀನು ತಯಾರಾಗುವುದಿಲ್ಲವೆಂದು 1998ರಲ್ಲಿಯೇ ಪ್ರಕಟವಾಗಿದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಸ್ಯಸಾರಗಳ ಪರೀಕ್ಷೆಗೆ ಎಂಸಿಎಫ್-7 ಕೋಶಗಳನ್ನು ಇಷ್ಟು ವ್ಯಾಪಕವಾಗಿ ಬಳಸುವಾಗ, ಈ ಸಂಗತಿಯನ್ನು ಮೊದಲ ದಿನವೇ ವಿದ್ಯಾರ್ಥಿಗಳಿಗೆ ತಿಳಿಸದಿರುವುದು ನನಗೆ ನಿಜಕ್ಕೂ ನೋವು ತರುತ್ತದೆ. ಎಷ್ಟೋ ಮಂದಿಯ ತಿಂಗಳುಗಟ್ಟಲೆ ದುಡಿಮೆ ಇದೊಂದೇ ಕಾರಣಕ್ಕೆ ವ್ಯರ್ಥವಾಗಬಹುದು.

ಹಾಗಾದರೆ ಟೋಟಲ್ ಪ್ರತಿಕಾಯದಲ್ಲಿ ಕಂಡ ತೆಳು ಬ್ಯಾಂಡ್ ಯಾವುದು ಎಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ಎರಡು ಸಾಧ್ಯತೆಗಳಿವೆ. ಪ್ರತಿಕಾಯವು ಅದೇ ತೂಕದ ಬೇರೊಂದು ಪ್ರೋಟೀನಿಗೆ ಅಂಟುತ್ತಿರಬಹುದು. ಇಲ್ಲವೇ ನೀವು ಬೆಳೆಸುತ್ತಿರುವ ಕೋಶಗಳು ಎಂಸಿಎಫ್-7 ಆಗಿರದೆ, ಅಥವಾ ಬೇರೆ ಕೋಶಗಳೊಂದಿಗೆ ಬೆರೆತು, ಕೈಯಿಂದ ಕೈಗೆ ದಾಟಿ ನಿಮ್ಮಲ್ಲಿಗೆ ಬಂದಿರಬಹುದು. ಮೊದಲನೆಯದನ್ನು ತಿಳಿಯಲು, ಕ್ಯಾಸ್ಪೇಸ್-3 ಖಂಡಿತವಾಗಿ ಇರುವ ಹೀಲಾ ಅಥವಾ ಜುರ್ಕಾಟ್ ಎಂಬ ಮನುಷ್ಯರ ಕೋಶಸಾಲುಗಳ ಸಾರವನ್ನು ಪಕ್ಕದ ಲೇನಿನಲ್ಲಿ ಹಾಕಿ, ಎರಡೂ ಬ್ಯಾಂಡುಗಳು ಒಂದೇ ಎತ್ತರದಲ್ಲಿವೆಯೇ, ಅವುಗಳ ದಟ್ಟತೆ ಎಷ್ಟು ಭಿನ್ನ ಎಂಬುದನ್ನು ನೋಡಿ. ಎರಡನೆಯದಕ್ಕೆ ಎಸ್‌ಟಿಆರ್ ಎಂಬ ಡಿಎನ್ಎ ಗುರುತಿನ ಪರೀಕ್ಷೆಯೇ ಬೇಕು. ಅದಕ್ಕೆ ತಗಲುವ ಹಣವು ನೀವು ಎರಡನೆಯ ಬಾರಿ ತರಿಸಿದ ಪ್ರತಿಕಾಯಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಂಸಿಎಫ್-7 ಕೋಶಗಳು ಅಪೊಪ್ಟೋಸಿಸ್ ಮೂಲಕ ಸಾಯುವುದಿಲ್ಲವೆಂದು ಮಾತ್ರ ತಿಳಿಯಬೇಡಿ. ಅವುಗಳಲ್ಲಿ ಕ್ಯಾಸ್ಪೇಸ್-7 ಇದೆ, ಅದು ಪಾರ್ಪ್ ಪ್ರೋಟೀನನ್ನೂ ಕತ್ತರಿಸಬಲ್ಲದು. ಆದ್ದರಿಂದ ಅದೇ ಕೋಶಗಳಲ್ಲಿ ಮುಂದುವರಿಯಲು ಬಯಸಿದರೆ, ತುಂಡಾದ ಕ್ಯಾಸ್ಪೇಸ್-7 ಮತ್ತು ಪಾರ್ಪಿನ 89 ಕಿಲೋಡಾಲ್ಟನ್ ತುಂಡನ್ನು ಗುರುತಿಸುವ ಪ್ರತಿಕಾಯಗಳನ್ನು ಬಳಸಿ. ಡಿಎನ್ಎ ಏಣಿಯ ಮೆಟ್ಟಿಲುಗಳಂತೆ ಕಾಣುವ ಜೆಲ್ ಚಿತ್ರವನ್ನು ಈ ಕೋಶಗಳಿಂದ ನಿರೀಕ್ಷಿಸಬೇಡಿ. ಅದಕ್ಕೆ ಕ್ಯಾಸ್ಪೇಸ್-3 ಅಗತ್ಯ. ಕ್ಯಾಸ್ಪೇಸ್-3 ಮೂಲಕವೇ ವಿಷಯವನ್ನು ಸಿದ್ಧಪಡಿಸಬೇಕೆಂದರೆ ಎಂಡಿಎ-ಎಂಬಿ-231 ಎಂಬ ಇನ್ನೊಂದು ಸ್ತನ ಕ್ಯಾನ್ಸರ್ ಕೋಶಸಾಲನ್ನು ಸೇರಿಸಿಕೊಳ್ಳಿ. ನಿಮ್ಮ ಎಂಸಿಎಫ್-7 ಕೋಶಗಳನ್ನು ಎಸೆಯಬೇಡಿ. ಪ್ರತಿಕಾಯವು ಬೇರೆ ಯಾವುದಕ್ಕೂ ಅಂಟುತ್ತಿಲ್ಲವೆಂದು ತೋರಿಸುವ ನೆಗೆಟಿವ್ ಕಂಟ್ರೋಲ್ ಆಗಿ ಅದಕ್ಕಿಂತ ಸುಲಭವಾದುದು ಸಿಗಲಾರದು.

ಎಂಟಿಟಿ ಬಗ್ಗೆಯೂ ಒಂದು ಮಾತು. ಆ ಪರೀಕ್ಷೆ ಅಳೆಯುವುದು ಕೋಶಗಳ ಚಯಾಪಚಯದ ಶಕ್ತಿಯನ್ನು, ಎಂಟಿಟಿ ಎಂಬ ವಸ್ತು ನೇರಳೆಯಾಗುವ ಬಣ್ಣದ ಮೂಲಕ. ಕೋಶಗಳು ಸಾಯದೆ ವಿಭಜನೆಯನ್ನು ನಿಲ್ಲಿಸಿದ್ದರೂ ಬಣ್ಣ ಕಡಿಮೆಯಾಗುತ್ತದೆ. ಸಸ್ಯಸಾರದಲ್ಲಿರುವ ಅಪಕರ್ಷಕ ವಸ್ತುಗಳು ಕೋಶಗಳ ನೆರವಿಲ್ಲದೆಯೇ ಎಂಟಿಟಿಯನ್ನು ನೇರಳೆಯಾಗಿಸಿ ಲೆಕ್ಕವನ್ನು ಇನ್ನೊಂದು ದಿಕ್ಕಿಗೂ ತಪ್ಪಿಸಬಹುದು. ಪರೀಕ್ಷಾ ತಟ್ಟೆಯ ಕೋಶಗಳಿಲ್ಲದ ಗುಳಿಯಲ್ಲಿ ಬರೀ ಸಾರವನ್ನೂ ಎಂಟಿಟಿಯನ್ನೂ ಹಾಕಿ ನೋಡಿದ್ದೀರಾ?

ಪ್ರಶ್ನೆ: ಹೀಲಾ ಕೋಶಗಳಿಗೆ ಔಷಧ ಕೊಟ್ಟ 24 ಗಂಟೆಗಳ ಬಳಿಕ ಸೂಕ್ಷ್ಮದರ್ಶಕದಲ್ಲಿ ಬಹಳಷ್ಟು ಕೋಶಗಳು ದುಂಡಗಾಗಿ ಮೇಲೆದ್ದು ತೇಲುವುದು ಕಾಣುತ್ತದೆ. ಕೋಶಗಳನ್ನು ಬೆಳೆಸುವ ದ್ರವವಾದ ಮಾಧ್ಯಮವನ್ನು ತೆಗೆದು, ತಟ್ಟೆಯನ್ನು ಎರಡು ಬಾರಿ ತೊಳೆದು ಲೈಸೇಟ್ (ಕೋಶಗಳನ್ನು ಒಡೆದು ತೆಗೆದ ಸಾರ) ಮಾಡುತ್ತೇನೆ. 35ರ ಬ್ಯಾಂಡ್ ಗಟ್ಟಿಯಾಗಿ ಬರುತ್ತದೆ, 17 ಮಾತ್ರ ಬರುವುದೇ ಇಲ್ಲ. (ಸಂಶೋಧನಾ ವಿದ್ಯಾರ್ಥಿನಿ, ಮೈಸೂರು, ಇದೇ ಬಗೆಯ ಪ್ರಶ್ನೆ ಕಲಬುರಗಿ ಮತ್ತು ತುಮಕೂರಿನಿಂದಲೂ ಬಂದಿದೆ)

ಉತ್ತರ: ನೀವು ಹುಡುಕುತ್ತಿರುವ ಕೋಶಗಳು ಮಾಧ್ಯಮದೊಂದಿಗೆ ಸಿಂಕಿಗೆ ಹೋಗುತ್ತಿವೆ. ಸಾಯುತ್ತಿರುವ ಕೋಶ ತಟ್ಟೆಯ ಹಿಡಿತವನ್ನು ಬಿಟ್ಟು ತೇಲುತ್ತದೆ. ತುಂಡಾದ ಕ್ಯಾಸ್ಪೇಸ್-3 ಹೆಚ್ಚಾಗಿ ಇರುವುದು ಅಂಥ ಕೋಶಗಳಲ್ಲಿಯೇ. ತಟ್ಟೆಗೆ ಅಂಟಿ ಉಳಿದವು ಔಷಧವನ್ನು ತಾಳಿಕೊಂಡಿರುವ ಕೋಶಗಳು. ಮಾಧ್ಯಮವನ್ನೂ ತೊಳೆದ ದ್ರವವನ್ನೂ ಒಂದೇ ಕೊಳವೆಯಲ್ಲಿ ಕೂಡಿಸಿ, ಸೆಂಟ್ರಿಫ್ಯೂಜ್‌ನಲ್ಲಿ ನಿಧಾನ ವೇಗದಲ್ಲಿ ತಿರುಗಿಸಿ, ಕೆಳಗೆ ಕೂತ ಕೋಶಗಳನ್ನು ತಟ್ಟೆಯಿಂದ ಕೆರೆದು ತೆಗೆದ ಕೋಶಗಳೊಂದಿಗೆ ಸೇರಿಸಿಯೇ ಲೈಸೇಟ್ ಮಾಡಿ. ಔಷಧ ಕೊಡದ ತಟ್ಟೆಗೂ ಇದೇ ಕ್ರಮವನ್ನು ಅನುಸರಿಸಬೇಕು, ಇಲ್ಲವಾದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಇಷ್ಟು ಮಾಡಿದ ಮೇಲೂ ಬ್ಯಾಂಡ್ ಬಾರದಿದ್ದರೆ ಕಾಲಾವಧಿಯನ್ನು ಪರಿಶೀಲಿಸಿ. ಕ್ಯಾಸ್ಪೇಸ್-3 ತುಂಡಾಗುವುದು ಅಪೊಪ್ಟೋಸಿಸ್‌ನ ನಡುವಿನ ಹಂತದಲ್ಲಿ. ತೀರ ಬೇಗ ನೋಡಿದರೆ ಅದು ಇನ್ನೂ ಆಗಿರುವುದಿಲ್ಲ. ತೀರ ತಡವಾದರೆ ಕೋಶದ ಪೊರೆ ಹರಿದು ಒಳಗಿನ ಪ್ರೋಟೀನುಗಳು ಹೊರಗೆ ಸೋರಿಹೋಗಿರುತ್ತವೆ. 24 ಗಂಟೆ ಎಂಬುದು ನಮ್ಮ ದಿನಚರಿಗೆ ಅನುಕೂಲವಾದ ಸಮಯವೇ ಹೊರತು ಕೋಶಕ್ಕಲ್ಲ. 4, 8, 16, 24 ಗಂಟೆಗಳ ಮಾದರಿಗಳನ್ನು ಒಂದೇ ಜೆಲ್‌ನಲ್ಲಿ ಓಡಿಸಿ ನೋಡಿದರೆ ನಿಮ್ಮ ಔಷಧದ ವೇಗ ತಿಳಿಯುತ್ತದೆ. ಇವುಗಳ ಜೊತೆಗೆ, ಜುರ್ಕಾಟ್ ಅಥವಾ ಹೀಲಾ ಕೋಶಗಳಿಗೆ ಅಪೊಪ್ಟೋಸಿಸ್ ಉಂಟುಮಾಡುವ ಸ್ಟಾರೋಸ್ಪೋರಿನನ್ನು 1 ಮೈಕ್ರೋಮೋಲಾರ್ ಪ್ರಮಾಣದಲ್ಲಿ ಕೊಟ್ಟು ಮೂರು ನಾಲ್ಕು ಗಂಟೆಗಳ ಬಳಿಕ ತೆಗೆದ ಲೈಸೇಟನ್ನು ಪಾಸಿಟಿವ್ ಕಂಟ್ರೋಲ್ ಆಗಿ ಇಟ್ಟುಕೊಳ್ಳಿ. ಆ ಲೇನಿನಲ್ಲಿಯೂ 17 ಬಾರದಿದ್ದರೆ ತೊಂದರೆ ಔಷಧದ್ದಲ್ಲ, ಬ್ಲಾಟಿನದು.

ಬ್ಲಾಟಿನಲ್ಲಿ ಸಣ್ಣ ಪ್ರೋಟೀನುಗಳು ತಪ್ಪಿಸಿಕೊಳ್ಳುವ ದಾರಿಗಳು ಹಲವು. ಶೇಕಡಾ 10ರ ಜೆಲ್‌ನಲ್ಲಿ 17 ಕಿಲೋಡಾಲ್ಟನ್ ತುಂಡು ಬಣ್ಣದ ಅಂಚಿನ ಸಮೀಪಕ್ಕೆ ಓಡಿ, ಒಮ್ಮೊಮ್ಮೆ ಜೆಲ್‌ನಿಂದಲೇ ಹೊರಗೆ ಹೋಗುತ್ತದೆ. ಶೇಕಡಾ 15ರ ಜೆಲ್ ಅಥವಾ ಗ್ರೇಡಿಯೆಂಟ್ ಜೆಲ್ ಬಳಸಿ. ಮೆಂಬ್ರೇನ್ 0.45 ಮೈಕ್ರೋಮೀಟರ್ ರಂಧ್ರದ್ದಾಗಿದ್ದು ಟ್ರಾನ್ಸ್‌ಫರ್ ರಾತ್ರಿಯಿಡೀ ನಡೆದರೆ ಪ್ರೋಟೀನು ಮೆಂಬ್ರೇನನ್ನು ದಾಟಿ ಆಚೆಗೆ ಹೋಗುವುದುಂಟು. 0.2 ಮೈಕ್ರೋಮೀಟರಿನ ಪಿವಿಡಿಎಫ್ ಮೆಂಬ್ರೇನ್, ಶೇಕಡಾ 20 ಮೆಥನಾಲ್ ಇರುವ ಬಫರ್, ಮಿತವಾದ ಸಮಯ, ಇವು ಮೂರೂ ಒಟ್ಟಿಗೆ ಬೇಕು. ಟ್ರಾನ್ಸ್‌ಫರ್ ಮುಗಿದ ಕೂಡಲೇ ಪಾನ್ಸೋ ಬಣ್ಣ ಹಾಕಿ ಕೆಳಭಾಗದಲ್ಲಿಯೂ ಪ್ರೋಟೀನು ಇದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ. ಅದನ್ನು ಬಿಟ್ಟು ಮರುದಿನದ ಸಂಜೆಯವರೆಗೆ ಕಾಯುವುದೇಕೆ?

ಟೋಟಲ್ ಪ್ರತಿಕಾಯದಲ್ಲಿ ಮಾತ್ರ 17 ಕಾಣದಿದ್ದರೆ ಅದರ ಮಾಹಿತಿಪತ್ರವನ್ನು ಓದಿ. ಕೆಲವು ಪ್ರತಿಕಾಯಗಳು 12 ಕಿಲೋಡಾಲ್ಟನ್ ಭಾಗದ ವಿರುದ್ಧ ತಯಾರಾದವು. ಅವು 17ರ ತುಂಡನ್ನು ತೋರಿಸಲಾರವು. ಕ್ಲೀವ್ಡ್ ಪ್ರತಿಕಾಯದಲ್ಲಿ 17ರ ಜೊತೆಗೆ 19ರ ಬ್ಯಾಂಡ್ ಕಂಡರೆ ಗಾಬರಿಯಾಗಬೇಡಿ, ಮುಂಭಾಗದ ತುಣುಕು ಇನ್ನೂ ಕಳಚದ ರೂಪ ಅದು. ಅದೇ ಪ್ರತಿಕಾಯದಲ್ಲಿ 35ರ ಬ್ಯಾಂಡ್ ಗಟ್ಟಿಯಾಗಿ ಕಂಡರೆ ಮಾತ್ರ ಅದು ಕತ್ತರಿಸಿದ ತುದಿಗಷ್ಟೇ ಅಂಟುತ್ತಿಲ್ಲವೆಂದು ಅನುಮಾನಿಸಬೇಕು.

ಪ್ರಶ್ನೆ: ರೋಗಶಾಸ್ತ್ರದ ಸ್ನಾತಕೋತ್ತರ ಪ್ರಬಂಧಕ್ಕಾಗಿ ಗಡ್ಡೆಗಳ ಪ್ಯಾರಾಫಿನ್ ಬ್ಲಾಕುಗಳಲ್ಲಿ ಈ ಪ್ರತಿಕಾಯದಿಂದ ಅಂಗಾಂಶಕ್ಕೆ ಬಣ್ಣ ಹಾಕುವ ಐಎಚ್‌ಸಿ ಮಾಡುತ್ತಿದ್ದೇನೆ. ನೆಕ್ರೋಸಿಸ್ ಆದ (ಅಂಗಾಂಶ ಗುಂಪಾಗಿ ಸತ್ತ) ಭಾಗಗಳೆಲ್ಲ ಕಂದು ಬಣ್ಣಕ್ಕೆ ತಿರುಗುತ್ತವೆ. ಇದನ್ನು ಪಾಸಿಟಿವ್ ಎಂದು ಎಣಿಸಬಹುದೇ? ಟ್ಯೂನೆಲ್ ಮಾಡುವುದು ಇದಕ್ಕಿಂತ ಉತ್ತಮವೇ? (ಎಂ.ಡಿ. ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಎಣಿಸಬಾರದು. ಸತ್ತು ಕರಗಿದ ಅಂಗಾಂಶವು ಯಾವ ಪ್ರತಿಕಾಯವನ್ನಾದರೂ ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಗಡ್ಡೆಯ ಅಂಚುಗಳೂ ಮಡಿಚಿದ ಜಾಗಗಳೂ ಹಾಗೆಯೇ. ನೀವು ಎಣಿಸಬೇಕಾದದ್ದು, ಸುತ್ತಲಿನ ಜೀವಂತ ಕೋಶಗಳ ನಡುವೆ ಒಂಟಿಯಾಗಿ ಕುಗ್ಗಿ, ಕೋಶಕೇಂದ್ರ ಮುದ್ದೆಗಟ್ಟಿದ ಅಥವಾ ಒಡೆದ, ಸ್ಪಷ್ಟವಾಗಿ ಕಂದಾದ ಕೋಶಗಳನ್ನು. ಬಣ್ಣವೂ ಆಕಾರವೂ ಒಂದೇ ಮಾತನ್ನು ಹೇಳಿದಾಗ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ರೋಗಶಾಸ್ತ್ರವನ್ನು ಓದುತ್ತಿರುವ ನಿಮಗೆ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಸ್ಲೈಡನ್ನು ನೋಡಿ ಪಳಗಿದ ಕಣ್ಣಿದೆ. ಪ್ರತಿಕಾಯ ಕೈಗೆ ಬಂದ ಮಾತ್ರಕ್ಕೆ ಆ ಕಣ್ಣನ್ನು ಮರೆಯಬಾರದು.

ಪ್ರತಿ ಸುತ್ತಿನಲ್ಲಿಯೂ ಟಾನ್ಸಿಲ್‌ನ ಒಂದು ಸೆಕ್ಷನನ್ನು ಜೊತೆಗಿಡಿ. ಅದರ ಜರ್ಮಿನಲ್ ಸೆಂಟರುಗಳಲ್ಲಿ ಆಯ್ಕೆಯಾಗದ ಲಿಂಫೋಸೈಟುಗಳು ಸದಾ ಅಪೊಪ್ಟೋಸಿಸ್‌ಗೆ ಒಳಗಾಗುತ್ತಿರುವುದರಿಂದ, ಅಲ್ಲಿ ಚದುರಿದ ಕಂದು ಕೋಶಗಳು ಕಾಣಲೇಬೇಕು, ಸುತ್ತಲಿನ ಮ್ಯಾಂಟಲ್ ವಲಯ ಬಹುಮಟ್ಟಿಗೆ ಖಾಲಿಯಿರಬೇಕು. ಒಂದೇ ಸೆಕ್ಷನಿನಲ್ಲಿ ಪಾಸಿಟಿವ್ ಮತ್ತು ನೆಗೆಟಿವ್ ಎರಡೂ ಸಿಗುವುದರಿಂದ ಇದಕ್ಕಿಂತ ಒಳ್ಳೆಯ ಕಂಟ್ರೋಲ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬೇರೆ ಬೇಕಾಗಿಲ್ಲ. ಅದರೊಂದಿಗೆ, ಮೊದಲ ಪ್ರತಿಕಾಯದ ಬದಲಿಗೆ ಅದೇ ಸಾಂದ್ರತೆಯ ಸಾಮಾನ್ಯ ಮೊಲದ ಐಜಿಜಿ (ಈ ಗುರಿಗೆ ತಯಾರಾಗಿರದ ಪ್ರತಿಕಾಯ) ಹಾಕಿದ ಇನ್ನೊಂದು ಸೆಕ್ಷನ್ ಇರಲಿ. ಅದೂ ಕಂದಾದರೆ ನಿಮ್ಮ ಬಣ್ಣಕ್ಕೆ ಕ್ಯಾಸ್ಪೇಸ್ ಕಾರಣವಲ್ಲ. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಅಂಗಾಂಶದ ಸ್ವಂತ ಪೆರಾಕ್ಸಿಡೇಸನ್ನು ತಡೆಯುವ ಹಂತವನ್ನು ಬಿಟ್ಟರೆ ಕೆಂಪು ರಕ್ತಕಣಗಳೂ ನ್ಯೂಟ್ರೋಫಿಲ್‌ಗಳೂ ಕಂದಾಗುತ್ತವೆ. ಆಂಟಿಜೆನ್ ರಿಟ್ರೀವಲ್‌ಗೆ (ಫಾರ್ಮಲಿನ್‌ನಿಂದ ಮರೆಯಾದ ಗುರಿಯನ್ನು ಮತ್ತೆ ತೆರೆಯುವ ಹಂತಕ್ಕೆ) ಪಿಎಚ್ 6ರ ಸಿಟ್ರೇಟ್ ಬಫರ್ ಸಾಕಾಗದಿದ್ದರೆ ಇಡಿಟಿಎ ಬಫರನ್ನು ಪ್ರಯತ್ನಿಸಬಹುದು, ಆದರೆ ಪ್ರಬಂಧದ ನಡುವೆ ಬದಲಿಸಬಾರದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶ ಫಾರ್ಮಲಿನ್‌ಗೆ ಬೀಳುವ ಮೊದಲು ಎಷ್ಟು ಹೊತ್ತು ಹೊರಗಿತ್ತು ಎಂಬುದನ್ನೂ ಸಾಧ್ಯವಾದಷ್ಟು ದಾಖಲಿಸಿ.

ಟ್ಯೂನೆಲ್ ವಿಧಾನ 1992ರಲ್ಲಿ ಬಂದದ್ದು. ಅದು ತುಂಡಾದ ಡಿಎನ್ಎಯ ತುದಿಗಳಿಗೆ ಗುರುತು ಹಾಕುತ್ತದೆ; ನೆಕ್ರೋಸಿಸ್‌ನಲ್ಲಿಯೂ ಡಿಎನ್ಎ ತುಂಡಾಗುವುದರಿಂದ ಅಲ್ಲಿಯೂ ಪಾಸಿಟಿವ್ ಬರಬಹುದು. ಅಪೊಪ್ಟೋಸಿಸ್ ಮಟ್ಟಿಗೆ ಕ್ಲೀವ್ಡ್ ಕ್ಯಾಸ್ಪೇಸ್-3 ಹೆಚ್ಚು ನಿರ್ದಿಷ್ಟ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೂ ಎಲ್ಲೆಯಿದೆ. ಸ್ನಾಯುಕೋಶಗಳು ಪಕ್ವವಾಗುವಾಗ ಕ್ಯಾಸ್ಪೇಸ್-3 ಮಿತವಾಗಿ ಸಕ್ರಿಯವಾಗುವುದುಂಟು, ಕೋಶ ಸಾಯುವುದಿಲ್ಲ. ಎಕ್ಸ್‌ಐಎಪಿ ಎಂಬ ಪ್ರೋಟೀನು ತುಂಡಾದ ಕ್ಯಾಸ್ಪೇಸ್-3ಕ್ಕೆ ಅಂಟಿ ಅದರ ಕೆಲಸವನ್ನು ತಡೆಹಿಡಿಯಬಲ್ಲದು, ಆಗಲೂ ಪ್ರತಿಕಾಯ ಪಾಸಿಟಿವ್ ಎಂದೇ ತೋರಿಸಬಹುದು. ಗ್ಯಾಸ್ಡರ್ಮಿನ್-ಇ ಹೆಚ್ಚಾಗಿರುವ ಕೋಶಗಳಲ್ಲಿ ಕ್ಯಾಸ್ಪೇಸ್-3 ಅದನ್ನು ಕತ್ತರಿಸಿದಾಗ ಕೋಶ ಕುಗ್ಗುವ ಬದಲು ಉಬ್ಬಿ ಒಡೆಯುತ್ತದೆಂದು 2017ರಲ್ಲಿ ತಿಳಿದುಬಂದಿದೆ. ನೆಕ್ರೊಪ್ಟೋಸಿಸ್, ಫೆರೊಪ್ಟೋಸಿಸ್ ಎಂಬ ಸಾವುಗಳಿಗೆ ಈ ಕಿಣ್ವ ಬೇಕಾಗಿಯೇ ಇಲ್ಲ. ಆದ್ದರಿಂದ ಪ್ರಬಂಧದಲ್ಲಿ ‘ಕ್ಲೀವ್ಡ್ ಕ್ಯಾಸ್ಪೇಸ್-3 ಪಾಸಿಟಿವ್ ಕೋಶಗಳು’ ಎಂದೇ ಬರೆಯಿರಿ; ‘ಸತ್ತ ಕೋಶಗಳು’ ಎಂದು ಬರೆಯಬೇಡಿ.

ಪ್ರಶ್ನೆ: ಹಣ್ಣುನೊಣದ ರೆಕ್ಕೆಯ ಅಂಗಾಂಶದಲ್ಲಿ ಕೋಶಮರಣವನ್ನು ನೋಡಲು ಮನುಷ್ಯರ ಕ್ಲೀವ್ಡ್ ಕ್ಯಾಸ್ಪೇಸ್-3 ಪ್ರತಿಕಾಯವನ್ನೇ ಬಳಸುತ್ತಾರೆ. ಇದು ಸರಿಯೇ? (ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಬಳಸಬಹುದು, ಆದರೆ ಅರ್ಥೈಸುವಾಗ ಎಚ್ಚರ ಬೇಕು. ನೊಣದಲ್ಲಿ ಕ್ಯಾಸ್ಪೇಸ್-3ಕ್ಕೆ ಸಮನಾದವು ಡ್ರೈಸ್ ಮತ್ತು ಡಿಸಿಪಿ-1. ಆ ಎರಡೂ ಇಲ್ಲದ ನೊಣಗಳಲ್ಲಿಯೂ ಈ ಪ್ರತಿಕಾಯದ ಬಣ್ಣ ಉಳಿಯಬಹುದೆಂದೂ, ಬಣ್ಣ ಬರಲು ಕ್ಯಾಸ್ಪೇಸ್-9ನ್ನು ಹೋಲುವ ಡ್ರಾಂಕ್ ಬೇಕೆಂದೂ 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಎಂದರೆ, ನೊಣದಲ್ಲಿ ಇದು ಡ್ರಾಂಕ್ ಚಟುವಟಿಕೆಯ ಗುರುತು. ಸಾವಿನ ಕೊನೆಯ ಹಂತ ನಡೆದಿದೆಯೆಂಬುದಕ್ಕೆ ಅದೊಂದೇ ಸಾಕ್ಷಿಯಾಗಲಾರದು. ತುಂಡಾದ ಡಿಸಿಪಿ-1ನ್ನು ಗುರುತಿಸುವ ಪ್ರತಿಕಾಯವೂ ದೊರೆಯುತ್ತದೆ, ಅದನ್ನೂ ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ: ಅಡಿಕೆ ಗಿಡದ ಎಲೆ ಹಳದಿಯಾಗಿ ಸಾಯುವುದನ್ನು ಇದೇ ಪ್ರತಿಕಾಯದಿಂದ ಅಳೆಯಬಹುದೇ? (ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಶಿರಸಿ)

ಉತ್ತರ: ಸಾಧ್ಯವಿಲ್ಲ. ಸಸ್ಯಗಳಲ್ಲಿ ನಿಜವಾದ ಕ್ಯಾಸ್ಪೇಸುಗಳಿಲ್ಲ. ಅವುಗಳ ದೂರದ ಬಂಧುಗಳಾದ ಮೆಟಾಕ್ಯಾಸ್ಪೇಸುಗಳು ಆಸ್ಪಾರ್ಟಿಕ್ ಆಮ್ಲದ ಬಳಿಕ ಕತ್ತರಿಸದೆ ಅರ್ಜಿನಿನ್ ಅಥವಾ ಲೈಸಿನ್ ಬಳಿಕ ಕತ್ತರಿಸುತ್ತವೆ. ಸಸ್ಯದ ಸಾರದಲ್ಲಿ ಈ ಪ್ರತಿಕಾಯ ಬ್ಯಾಂಡ್ ತೋರಿಸಿದರೆ ಅದನ್ನು ನಂಬಬೇಡಿ.

ಪ್ರಶ್ನೆ: ನಮ್ಮ ತಾಯಿಯವರಿಗೆ ಕೀಮೋಥೆರಪಿ ನಡೆಯುತ್ತಿದೆ. ಔಷಧ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಬಯಾಪ್ಸಿಯಲ್ಲಿ ಈ ಪ್ರತಿಕಾಯದ ಪರೀಕ್ಷೆ ಮಾಡಿಸಬಹುದೆಂದು ಎಲ್ಲೋ ಓದಿದೆ. ನಿಮ್ಮ ಸಲಹೆ ಬೇಕು. (ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಆದ್ದರಿಂದ ಸ್ಪಷ್ಟವಾಗಿಯೇ ಹೇಳುತ್ತೇನೆ: ಇದಕ್ಕಾಗಿ ಹಣ ಖರ್ಚು ಮಾಡಬೇಡಿ, ಇದೊಂದಕ್ಕಾಗಿ ಇನ್ನೊಂದು ಬಯಾಪ್ಸಿಗೂ ತಾಯಿಯವರನ್ನು ಒಡ್ಡಬೇಡಿ. ಈ ಪ್ರತಿಕಾಯಗಳು ಸಾಮಾನ್ಯವಾಗಿ ಸಂಶೋಧನಾ ಬಳಕೆಗೆ ಮಾತ್ರ ಎಂಬ ಮುದ್ರೆಯೊಂದಿಗೆ ಮಾರಾಟವಾಗುತ್ತವೆ. ಒಬ್ಬ ರೋಗಿಯ ಚಿಕಿತ್ಸೆಯನ್ನು ನಿರ್ಧರಿಸಲು ಅವನ್ನು ಉದ್ದೇಶಿಸಿಲ್ಲ. ಗಡ್ಡೆಯಲ್ಲಿ ಕೋಶಗಳು ಹೆಚ್ಚು ಸಾಯುತ್ತಿರುವುದು ಔಷಧದ ಗುಣವೂ ಆಗಿರಬಹುದು, ಗಡ್ಡೆ ಬಹಳ ವೇಗವಾಗಿ ಬೆಳೆಯುತ್ತಿರುವುದರ ಲಕ್ಷಣವೂ ಆಗಿರಬಹುದು. ಒಂದು ಸ್ಲೈಡಿನಿಂದ ಇವೆರಡನ್ನು ಬೇರ್ಪಡಿಸಲಾಗದು. ಔಷಧದ ಪರಿಣಾಮವನ್ನು ಸ್ಕ್ಯಾನ್ ಮತ್ತು ತಪಾಸಣೆಗಳಿಂದ ಹೇಗೆ ಅಳೆಯುತ್ತಿದ್ದಾರೆ, ಮುಂದಿನ ಸ್ಕ್ಯಾನ್ ಯಾವಾಗ ಎಂಬುದನ್ನು ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ.

ಪ್ರಶ್ನೆ: ನಮ್ಮ ಪ್ರಯೋಗಾಲಯಕ್ಕೆ ಈ ಪ್ರತಿಕಾಯವನ್ನು ಮೊದಲ ಬಾರಿಗೆ ತರಿಸಬೇಕಾಗಿದೆ. ಪಾಲಿಕ್ಲೋನಲ್ ಒಳ್ಳೆಯದೋ ಮೋನೋಕ್ಲೋನಲ್ ಒಳ್ಳೆಯದೋ? ದುಬಾರಿಯಾದುದರಿಂದ ಒಮ್ಮೆ ದುರ್ಬಲಗೊಳಿಸಿದ ದ್ರಾವಣವನ್ನು ಮತ್ತೆ ಮತ್ತೆ ಬಳಸಬಹುದೇ? ಇಲ್ಲಿ ವಿದ್ಯುತ್ ಆಗಾಗ ಹೋಗುವುದರಿಂದ ಸಂಗ್ರಹದ ಬಗೆಯನ್ನೂ ತಿಳಿಸಿ. (ಸಹಾಯಕ ಪ್ರಾಧ್ಯಾಪಕರು, ರಾಯಚೂರು)

ಉತ್ತರ: ಮೊಲದ ಮೋನೋಕ್ಲೋನಲ್ (ಒಂದೇ ಬಗೆಯ ಪ್ರತಿಕಾಯ), ಅದರಲ್ಲಿಯೂ ರಿಕಾಂಬಿನೆಂಟ್ ರೂಪದಲ್ಲಿ (ಜೀನಿನಿಂದ ಪ್ರಯೋಗಾಲಯದಲ್ಲಿ) ತಯಾರಾದದ್ದು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಹಲವು ಬಗೆಯ ಪ್ರತಿಕಾಯಗಳ ಮಿಶ್ರಣವಾದ ಪಾಲಿಕ್ಲೋನಲ್ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ. ಇಂದಿನ ಲಾಟ್ ಚೆನ್ನಾಗಿದ್ದು, ಎರಡು ವರ್ಷದ ಬಳಿಕ ಅದೇ ಕ್ಯಾಟಲಾಗ್ ಸಂಖ್ಯೆಯಲ್ಲಿ ಬಂದದ್ದು ಬೇರೆಯಾಗಿ ವರ್ತಿಸಬಹುದು. ರಿಕಾಂಬಿನೆಂಟ್ ಪ್ರತಿಕಾಯದ ಜೀನಿನ ಅನುಕ್ರಮವೇ ಗೊತ್ತಿರುವುದರಿಂದ ಅದನ್ನು ಅದೇ ರೂಪದಲ್ಲಿ ಮತ್ತೆ ತಯಾರಿಸಬಹುದು. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಒಟ್ಟಾಗಿ, ಸಂಶೋಧನೆಯ ಪ್ರತಿಕಾಯಗಳನ್ನು ಅವುಗಳ ಅನುಕ್ರಮದಿಂದಲೇ ಗುರುತಿಸಬೇಕೆಂದು ‘ನೇಚರ್’ ಪತ್ರಿಕೆಯ ಮೂಲಕ ಒತ್ತಾಯಿಸಿದ್ದು ಈ ಕಾರಣಕ್ಕಾಗಿಯೇ. ಮಾಹಿತಿಪತ್ರದಲ್ಲಿ ಎಷ್ಟು ಪ್ರಬಂಧಗಳಲ್ಲಿ ಬಳಕೆಯಾಗಿದೆ ಎಂಬ ಸಂಖ್ಯೆಯನ್ನು ನೋಡುವುದಕ್ಕಿಂತ, ಕ್ಯಾಸ್ಪೇಸ್-3 ಇಲ್ಲದ ಕೋಶಗಳಲ್ಲಿ ಪರೀಕ್ಷಿಸಿದ ಚಿತ್ರ ಇದೆಯೇ ಎಂದು ನೋಡಿ. ನೀವು ಮಾಡಲಿರುವುದು ಬ್ಲಾಟೋ, ಐಎಚ್‌ಸಿಯೋ, ಫ್ಲೋ ಸೈಟೋಮೆಟ್ರಿಯೋ ಎಂಬುದಕ್ಕೂ ಅದು ಹೊಂದಬೇಕು. ಬ್ಲಾಟಿನಲ್ಲಿ ಚೆನ್ನಾಗಿರುವುದು ಪ್ಯಾರಾಫಿನ್ ಸೆಕ್ಷನಿನಲ್ಲಿ ಕೆಲಸ ಮಾಡದೆ ಇರಬಹುದು.

100 ಮೈಕ್ರೋಲೀಟರ್ ಪ್ರತಿಕಾಯವನ್ನು ಸಾವಿರಕ್ಕೆ ಒಂದರಂತೆ ದುರ್ಬಲಗೊಳಿಸಿದರೆ 100 ಮಿಲಿಲೀಟರ್ ದ್ರಾವಣವಾಗುತ್ತದೆ. ಬ್ಲಾಟಿಗೆ 10 ಮಿಲಿಲೀಟರ್ ಸುರಿದರೆ ಹತ್ತೇ ಬ್ಲಾಟುಗಳು. ಪ್ಲಾಸ್ಟಿಕ್ ಚೀಲದಲ್ಲಿ ಮೆಂಬ್ರೇನನ್ನು ಸೀಲ್ ಮಾಡಿ 3 ಮಿಲಿಲೀಟರಿನಲ್ಲಿ ಮುಗಿಸಿದರೆ ಮೂವತ್ತಕ್ಕೂ ಹೆಚ್ಚು. ಉಳಿತಾಯ ಮಾಡಬೇಕಾದದ್ದು ಇಲ್ಲಿ. ಬಳಸಿದ ದ್ರಾವಣವನ್ನು ಒಂದೆರಡು ಬಾರಿ ಮರುಬಳಕೆ ಮಾಡುವುದು ನಮ್ಮಲ್ಲಿ ರೂಢಿಯಲ್ಲಿದೆ. ಪ್ರಾಥಮಿಕ ಪರೀಕ್ಷೆಗೆ ಅದು ನಡೆದೀತು, ಪ್ರಕಟಿಸುವ ಚಿತ್ರಕ್ಕೂ ಬ್ಯಾಂಡುಗಳನ್ನು ಅಳೆದು ಹೋಲಿಸುವುದಕ್ಕೂ ಬೇಡ. ಹಾಗೆ ಇಡುವಾಗ ಸೋಡಿಯಂ ಅಜೈಡ್ ಸೇರಿಸುವವರು ಎರಡು ಸಂಗತಿಗಳನ್ನು ನೆನಪಿಡಬೇಕು: ಅದು ವಿಷ, ಮತ್ತು ಅದು ಪೆರಾಕ್ಸಿಡೇಸ್ ಕಿಣ್ವವನ್ನು ತಡೆಯುತ್ತದೆ. ಆದ್ದರಿಂದ ಎಚ್‌ಆರ್‌ಪಿ ಎಂಬ ಪೆರಾಕ್ಸಿಡೇಸನ್ನು ಜೋಡಿಸಿದ, ಬ್ಯಾಂಡ್ ಕಾಣುವಂತೆ ಮಾಡುವ ಎರಡನೆಯ ಪ್ರತಿಕಾಯಕ್ಕೆ ಅದನ್ನು ಎಂದಿಗೂ ಹಾಕಬಾರದು. ಹಣ ಉಳಿಸಲೆಂದು ಮೆಂಬ್ರೇನನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸುವವರೂ ಇದ್ದಾರೆ. ಪತ್ರಿಕೆಗಳು ಈಗ ಪೂರ್ತಿ ಬ್ಲಾಟಿನ ಚಿತ್ರವನ್ನು ಕೇಳುತ್ತವೆ. ಕನಿಷ್ಠ ಮೊದಲ ಕೆಲವು ಬ್ಲಾಟುಗಳನ್ನಾದರೂ ಇಡಿಯಾಗಿ ಮಾಡಿ, ಬೇರೆಲ್ಲಿ ಏನು ಅಂಟುತ್ತಿದೆ ಎಂಬುದನ್ನು ತಿಳಿದುಕೊಂಡಿರಿ.

ಶೇಕಡಾ 50 ಗ್ಲಿಸರಾಲ್‌ನಲ್ಲಿ ಬರುವ ಪ್ರತಿಕಾಯಗಳು ಮೈನಸ್ 20 ಡಿಗ್ರಿಯಲ್ಲಿಯೂ ಹೆಪ್ಪುಗಟ್ಟದೆ ದ್ರವವಾಗಿಯೇ ಇರುತ್ತವೆ. ಅಂಥದ್ದನ್ನು ಚಿಕ್ಕ ಪಾಲುಗಳಾಗಿ ಹಂಚುವ ಅಗತ್ಯವಿಲ್ಲ. ಗ್ಲಿಸರಾಲ್ ಇಲ್ಲದ್ದನ್ನು ಮಾತ್ರ, ತಯಾರಕರು ಬೇರೆ ರೀತಿ ಹೇಳದಿದ್ದರೆ, ಬಂದ ದಿನವೇ ಪಾಲು ಮಾಡಿಡಿ. ಪದೇ ಪದೇ ಹೆಪ್ಪುಗಟ್ಟಿ ಕರಗುವುದರಿಂದ ಅದು ಹಾಳಾಗುತ್ತದೆ. ಮಂಜು ತಾನಾಗಿ ಕರಗುವ ಬಗೆಯ ಫ್ರೀಜರ್ ಬೇಡ, ಅದರ ಉಷ್ಣತೆ ದಿನವೂ ಏರಿಳಿಯುತ್ತದೆ. ಸೀಸೆಯನ್ನು ಐಸ್ ಪ್ಯಾಕುಗಳ ನಡುವೆ ಥರ್ಮೋಕೋಲ್ ಡಬ್ಬಿಯೊಳಗಿಟ್ಟು, ಆ ಡಬ್ಬಿಯನ್ನೇ ಫ್ರೀಜರಿನಲ್ಲಿಟ್ಟರೆ ವಿದ್ಯುತ್ ಕೆಲವು ಗಂಟೆ ಹೋದರೂ ತೊಂದರೆಯಾಗದು. ದೀರ್ಘಕಾಲ ವಿದ್ಯುತ್ ಇಲ್ಲದಿದ್ದರೆ ಪ್ರತಿಕಾಯವನ್ನು ಎಸೆಯುವ ಮೊದಲು, ಮೈನಸ್ 80ರಲ್ಲಿ ಇಟ್ಟ ಹಳೆಯ ಪಾಸಿಟಿವ್ ಲೈಸೇಟಿನ ಮೇಲೆ ಒಮ್ಮೆ ಪರೀಕ್ಷಿಸಿ, ಹಿಂದಿನ ಬ್ಲಾಟಿನೊಂದಿಗೆ ಹೋಲಿಸಿ ನೋಡಿ. ಇದಕ್ಕಾಗಿಯೇ ಸೀಸೆ ಬಂದ ದಿನಾಂಕ, ಲಾಟ್ ಸಂಖ್ಯೆ ಮತ್ತು ಮೊದಲ ಬ್ಲಾಟಿನ ಚಿತ್ರವನ್ನು ಪ್ರಯೋಗಾಲಯದ ಪುಸ್ತಕದಲ್ಲಿ ಒಂದೇ ಪುಟದಲ್ಲಿ ಅಂಟಿಸಿಡಿ; ಮುಂದಿನ ವರ್ಷ ಸೇರುವ ವಿದ್ಯಾರ್ಥಿಗೂ ಅದೇ ಪುಟ ಬೇಕಾಗುತ್ತದೆ.